ಪಂಡರಿಯ ಕೈಯ ಗುಟ್ಟಿ

ಬಸವಕಲ್ಯಾಣವನ್ನು ಜನ ಇನ್ನೂ ಕಲ್ಯಾಣಿ ಎಂದೇ ಕರೆಯುತ್ತಿದ್ದ ನಿಜಾಮರ ಕಾಲ. ಕೋಟೆಯ ಕೆಳಗಿನ ಓಣಿಯ ಹೆಂಗಸರಿಗೆ ಒಂದು ವಿಷಯದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಹುಟ್ಟಿದ ಕೂಸಿಗೆ ಮೊದಲ ಗುಟ್ಟಿ ಯಾರು ಹಾಕುತ್ತಾರೋ, ಕೂಸು ಅವರ ಗುಣವನ್ನೇ ಹೊತ್ತುಕೊಂಡು ಬೆಳೆಯುತ್ತದೆ. ಜೇನಿನಲ್ಲಿ ಬಜೆ ತೇಯ್ದು ಬೆರಳ ತುದಿಯಿಂದ ನೆಕ್ಕಿಸುವ ಒಂದು ಹನಿ, ಅಷ್ಟೇ. ಆದರೆ ಆ ಬೆರಳು ಯಾರದಿರಬೇಕೆಂದು ಬಸುರಿಯ ಮನೆಯಲ್ಲಿ ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತಿತ್ತು. ಮಗಳಿಗೆ ಗಂಡು ಹುಡುಕುವಾಗಲೂ ಅವರು ಅಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಅಂಬುಬಾಯಿಗೆ ಗಂಡನನ್ನು ಹುಡುಕಿದವರಂತೂ ಖಂಡಿತ ತಲೆ ಕೆಡಿಸಿಕೊಂಡಿರಲಿಲ್ಲ. ದೇವಿದಾಸ ಬಾಡಿಗೆ ಗಾಡಿ ಹೊಡೆಯುವವನು. ದಿನಕ್ಕೆ ಹತ್ತು ಮಾತಾಡಿದರೆ ಅದರಲ್ಲಿ ಎಂಟು ಎತ್ತುಗಳ ಪಾಲು. ಗಂಡಸು ಸುಮ್ಮನಿದ್ದರೆ ಗಂಭೀರ ಮನುಷ್ಯ ಎಂದು ಹೊಗಳುವ ಓಣಿಯ ಜನ, ಆ ಗಂಭೀರ ಮನುಷ್ಯನ ಹೆಂಡತಿ ಆರು ವರ್ಷ ಗೋಡೆಯ ಜೊತೆ ಸಂಸಾರ ಮಾಡಿದ್ದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಹೊಟ್ಟೆಯಲ್ಲಿ ಕೂಸು ಮಿಸುಕಾಡಿದ ದಿನವೇ ಅಂಬುಬಾಯಿ ತೀರ್ಮಾನ ಮಾಡಿದಳು. ಹುಟ್ಟಿದ್ದು ಮಾತಾಡಬೇಕು, ನಗಬೇಕು, ಈ ಸತ್ತ ಮನೆಯನ್ನು ಎಬ್ಬಿಸಬೇಕು. ಗುಟ್ಟಿ ಹಾಕಲು ಹುಮನಾಬಾದಿನ ಪಂಡರಿಯೇ ಬರಬೇಕು.

ಪಂಡರಿ ಆಟದ ಮೇಳದಲ್ಲಿ ನಗಿಸುವ ಸೋಂಗು ಹಾಕುವವನು. ರಾಜನ ಪಾರ್ಟಿನವನು ಗತ್ತಿನಿಂದ ಮಾತು ಶುರು ಮಾಡುವಷ್ಟರಲ್ಲಿ ಇವನು ಹಿಂದಿನಿಂದ ಪಟೇಲನ ಕೆಮ್ಮು ಕೆಮ್ಮುತ್ತಿದ್ದ, ಜವಾನನ ನಡಿಗೆ ನಡೆಯುತ್ತಿದ್ದ, ಜನ ಕುಳಿತಲ್ಲೇ ಉರುಳುತ್ತಿದ್ದರು. ಅಂಥವನ ಸ್ವಭಾವ ಎಂಥದಿರಬಹುದೆಂದು ಊಹಿಸಲು ಪಂಡಿತರೇ ಬೇಕೇ?

"ಅವನ ಹೇಣ್ತಿ ಪುಣ್ಯಾ ಮಾಡ್ಯಾಳ ನೋಡು," ಎಂದಳು ಪಕ್ಕದ ಮನೆಯ ಗಯಾಬಾಯಿ. "ರೊಟ್ಟಿ ಬಡಿಯಾಕೂ ಬಿಡಾಂಗಿಲ್ಲ ಅಂತ ಕಾಣಸ್ತದ, ನಗಿಸಿ ನಗಿಸಿ."

ಹೆಣ್ಣು ಹುಟ್ಟಿತು. ಸುಗಂಧಾ ಎಂದು ಹೆಸರಿಡುವುದೆಂದಾಯಿತು. ಹೇಳಿ ಕಳಿಸಿದ್ದಕ್ಕೆ ಪಂಡರಿ ಬಂದ, ಹೊಸ್ತಿಲಲ್ಲೇ ನಿಂತ, ನೆಲ ನೋಡುತ್ತ ಹೇಳಿದ:

"ನನ್ನ ಕೈಲೆ ಬ್ಯಾಡ್ರಿ. ನಾ ನೀವು ತಿಳಕೊಂಡಂಥಾ ಮನಷ್ಯಾ ಅಲ್ರಿ. ಮನ್ಯಾಗ ನನಗ ಮಾತೇ ಬರಾಂಗಿಲ್ರಿ."

ಹೆಂಗಸರು ಘೊಳ್ಳೆಂದರು. ಅವನು ಗಾಬರಿಯಾಗಿ, "ಖರೇನ ಹೇಳಾಕತ್ತೇನ್ರಿ, ನಾಕು ಮಂದಿ ಕಂಡ್ರ ನನ್ನ ಕೈಕಾಲು ನಡಗತಾವು" ಎಂದ. ಗಯಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಹಸಿ ಬಾಣಂತಿ ಅಂಬುಬಾಯಿಯೂ ಹೊಟ್ಟೆ ಹಿಡಿದುಕೊಂಡು ನಕ್ಕಳು, ನೋವಾದರೂ ನಕ್ಕಳು. ಪಾಪ, ಆ ಮನುಷ್ಯ ಕೈ ಮುಗಿದರೆ ಅದಕ್ಕೂ ನಗೆ. ಕೊನೆಗೆ ಅವನು ಮಾತು ನಿಲ್ಲಿಸಿ, ಬೆರಳು ಅದ್ದಿ, ಕೂಸಿನ ತುಟಿಗೆ ಮುಟ್ಟಿಸಿ ಹೊರಟುಹೋದ. ಅದು ಸಾವಿರದ ಒಂಬೈನೂರ ಮೂವತ್ತಾರನೇ ಇಸವಿ.

ಸುಗಂಧಾ ಬೆಳೆದಳು. ಮಾತು ಬಂತು, ಆದರೆ ಹೊರಗೆ ಬರಲಿಲ್ಲ. ನೆಂಟರು ಬಂದರೆ ಜೋಳದ ಚೀಲದ ಹಿಂದೆ ಅಡಗುತ್ತಿದ್ದಳು. ಮೂರು ಸಲ ಕೇಳಿದರೆ ಒಂದು ಸಲ, ಅದೂ ಇರುವೆಗೆ ಕೇಳಿಸುವಷ್ಟು ಸಣ್ಣಗೆ ಉತ್ತರ. ಆಕಳ ಕರುವಿನ ಕಿವಿಯಲ್ಲಿ ಮಾತ್ರ ಏನೇನೋ ಹೇಳುತ್ತಿದ್ದಳು. ಅಂಬುಬಾಯಿ ಮುದ್ದು ಮಾಡಿ ನೋಡಿದಳು, ಬೈದು ನೋಡಿದಳು, ಹೊಡೆದೂ ನೋಡಿದಳು. ಮಗಳಿಗೆ ಏಳು ತುಂಬುವ ಬೇಸಿಗೆಯಲ್ಲಿ ಅತ್ತೆ ಸತ್ಯಮ್ಮ ಬಳೆಚೂರು ಕಾಸಿ ಹೊಕ್ಕುಳ ಪಕ್ಕದಲ್ಲಿ ಬರೆ ಹಾಕಿದಳು. ಅದಾದ ಮೇಲೆ ಇದ್ದ ಸಣ್ಣ ದನಿಯೂ ನಿಂತುಹೋಯಿತು. ಬರೆ ಸಾಲಲಿಲ್ಲ ಎಂದುಕೊಂಡಳು ಸತ್ಯಮ್ಮ.

"ಬರೋ ಅಮಾಸಿಗಿ ನಾಲಿಗಿಗೇ ಹಾಕೋಣು," ಎಂದಳು, ಉಪ್ಪಿನಕಾಯಿ ಹಾಕುವ ಮಾತಿನಷ್ಟು ಸಲೀಸಾಗಿ. "ಈಗ ಬಿಟ್ರ ನಾಳಿ ಮೂಕಿ ಅಂತ ಯಾರೂ ಮಾಡ್ಕೊಳ್ಳಾಂಗಿಲ್ಲ."

ಅಂಬುಬಾಯಿ ಆ ರಾತ್ರಿ ಬೆರಳು ಮಡಿಚಿ ಎಣಿಸಿದಳು. ಅಮಾವಾಸ್ಯೆಗೆ ಇದ್ದದ್ದು ನಾಲ್ಕೇ ದಿನ. ಯೋಚಿಸಿ ಯೋಚಿಸಿ ಅವಳಿಗೆ ಒಂದು ದಾರಿ ಹೊಳೆಯಿತು. ಗುಟ್ಟಿ ಹಾಕುವಾಗ ಪಂಡರಿ ನಕ್ಕಿರಲಿಲ್ಲ. ತಪ್ಪಿದ್ದು ಅಲ್ಲೇ. ಅವನು ಇನ್ನೊಮ್ಮೆ, ಈ ಸಲ ನಗುನಗುತ್ತ ಹಾಕಿದರೆ? ದೇವಿದಾಸನ ಗಾಡಿ ಮರುದಿನ ಜೋಳ ಹೇರಿಕೊಂಡು ಹುಮನಾಬಾದಿಗೆ ಹೊರಟಿತ್ತು. ಮಗಳನ್ನು ಚೀಲಗಳ ಮೇಲೆ ಕೂರಿಸಿ ತಾನೂ ಹತ್ತಿದಳು. ಯಾಕೆ ಎಂದು ದೇವಿದಾಸ ಕೇಳಲಿಲ್ಲ. ಕೇಳಿದ್ದರಲ್ಲವೇ ಸೋಜಿಗ!

ಸಂಜೆಯ ಹೊತ್ತಿಗೆ ಪಂಡರಿಯ ಮನೆ ಸಿಕ್ಕಿತು. ಅವನ ಹೆಂಡತಿ ದ್ರೌಪತಿ ಅಂಬುಬಾಯಿ ಬಂದ ಕಾರಣ ಕೇಳಿ ಹಣೆ ಒತ್ತಿಕೊಂಡಳು.

"ನಗುನಗುತಾ? ನಿಮ್ಮ ಪುಣ್ಯಾ ಇದ್ರ ನಗಸ್ರಿ ತಾಯಿ. ಆಟ ಮುಗಿಸಿ ಬಂದು ಮೂರು ದಿನಾತು, ಒಂದ ಮಾತಿಲ್ಲ. ಹಿತ್ತಲದಾಗ ಕುಂತಾರ."

ಪಂಡರಿ ಹಿತ್ತಲಲ್ಲಿ ಸೋಂಗಿನ ಗಡ್ಡ ಹೊಲಿಯುತ್ತಿದ್ದ. ಕೂದಲು ನರೆತಿತ್ತು. ಅಂಬುಬಾಯಿಯ ಮುಖವನ್ನೂ ನೋಡಲಾರದೆ ಸೂಜಿಯನ್ನೇ ನೋಡಿದ. ಏಳು ವರ್ಷದ ಹಿಂದೆ ಹೊಸ್ತಿಲಲ್ಲಿ ನಿಂತಿದ್ದ ಅದೇ ಮನುಷ್ಯ. ಆಗ ಇವನು ಆಡಿದ್ದು ಸೋಂಗಲ್ಲ, ನಿಜ ಎಂದು ಅಂಬುಬಾಯಿಗೆ ಈಗ ಹೊಳೆಯಿತು. ಹೊಳೆದ ಕೂಡಲೇ ನಾಚಿಕೆಯಾಗಬೇಕಿತ್ತು. ಅವಳಿಗೆ ಸಿಟ್ಟು ಬಂತು.

"ನಿಮ್ಮ ಮೌನ ನನ್ನ ಮಗಳಿಗಿ ಕೊಟ್ಟ ಬಿಟ್ರಿ! ನನ್ನ ಕೂಸು ಹಾಳಾತು."

ಪಂಡರಿ ಗಡ್ಡಕ್ಕೆ ಇನ್ನೊಂದು ಹೊಲಿಗೆ ಹಾಕಿದ. "ತಂಗಿ, ನನಗ ಗುಟ್ಟಿ ಹಾಕಿದಾಕಿ ನಮ್ಮ ಅಜ್ಜಿ. ಬಜಾರದಾಗ ಬಳಿ ಮಾರತಿದ್ಲು. ಅಕಿ ಬಾಯಿ ಮುಂದ ಇಡೀ ಹುಮನಾಬಾದ ಸುಮ್ಮನಾಗತಿತ್ತು. ಅಕಿ ಗುಣ ನನಗ ಬಂತೇನು?" ಸೂಜಿ ಕೆಳಗಿಟ್ಟ. "ಗಾಡಿ ಹೊಡಕೊಂಡು ಬಂದಾಂವ ಯಾರು?"

"ನನ್ನ ಗಂಡ."

"ಕಲ್ಯಾಣಿಯಿಂದ ಇಲ್ಲಿತನ ಎಷ್ಟು ಮಾತಾಡಿದಾ?"

ಅಷ್ಟು ದೊಡ್ಡ ಕಾರಣ ದಿನಾ ಎದುರಿಗೆ ಕುಳಿತು ರೊಟ್ಟಿ ತಿನ್ನುತ್ತಿದ್ದರೂ ಅಂಬುಬಾಯಿ ಆರು ಹರದಾರಿ ಆಚೆ ಹುಡುಕಲು ಬಂದಿದ್ದಳು. ಆದರೂ ಬಂದ ಕೆಲಸ ಬಿಡಲು ಮನಸ್ಸಾಗದೆ, ಮಗಳನ್ನು ಹಿತ್ತಲಲ್ಲೇ ಕೂರಿಸಿ, ಬಜೆ ತೇಯಲು ದ್ರೌಪತಿಯ ಜೊತೆ ಒಳಗೆ ಹೋದಳು.

ಬಟ್ಟಲು ಹಿಡಿದುಕೊಂಡು ಹಿಂದಿರುಗುವಾಗ ಹಿತ್ತಲ ಬಾಗಿಲ ಬಳಿ ನಿಂತಳು. ಒಂದು ದನಿ ಕೇಳಿಸಿತು, ತಿಂಗಳುಗಟ್ಟಲೆ ಕೇಳದಿದ್ದ ದನಿ.

"ಅಷ್ಟು ಮಂದಿ ಮುಂದ ನಿನಗ ಅಂಜಿಕಿ ಬರಾಂಗಿಲ್ಲೇನು?"

"ಬರ್ತದ. ಆದ್ರ ಬಣ್ಣಾ ಹಚ್ಚಿದ ಮ್ಯಾಲ ಮಂದಿ ನನ್ನ ನೋಡಾಂಗಿಲ್ಲ. ಬಣ್ಣಾ ನೋಡತಾರ. ನಾ ಒಳಗ ಸುಮ್ಮ ಕುಂತಿರತೇನಿ." ಪಂಡರಿಯೂ ಅಷ್ಟೇ ಸಣ್ಣಗೆ ಮಾತಾಡುತ್ತಿದ್ದ. "ನೀ ಮನ್ಯಾಗ ಯಾಕ ಮಾತಾಡಾಂಗಿಲ್ಲವ್ವಾ?"

"ಮದಲ ಆಡತಿದ್ದೆ. ಸಣ್ಣಗ. ಆಯಿ ಬರಿ ಹಾಕಿದ್ಲು. ಅವ್ವ ಕಾಲು ಹಿಡಕೊಂಡಿದ್ಲು." ಸುಗಂಧಾಳ ದನಿ ಇನ್ನೂ ಸಣ್ಣಗಾಯಿತು. "ಅವ್ವನ ಮಾರಿ ಕಂಡ್ರ ಈಗ ಮಾತು ಬರಾಂಗಿಲ್ಲ."

ಅಂಬುಬಾಯಿ ಬಾಗಿಲ ಮರೆಯಲ್ಲಿ ಕುಳಿತುಬಿಟ್ಟಳು. ಬಟ್ಟಲು ವಾಲಿ ಜೇನು ಸೀರೆಯ ಮೇಲೆಲ್ಲ ಚೆಲ್ಲಿತು. ಆ ದಿನ ಕೂಸು ಒದ್ದಾಡಿದ್ದು ಅವಳ ಅಂಗೈಗಳಿಗೆ ನೆನಪಿತ್ತು. ಮಗಳ ಒಳ್ಳೆಯದಕ್ಕೇ ಎಂದುಕೊಂಡು ಅವಳು ಅದನ್ನು ಇಷ್ಟು ದಿನ ಮರೆತವಳ ಹಾಗೆ ನಡೆದಿದ್ದಳು.

ಎರಡನೇ ಗುಟ್ಟಿ ಹಾಕಿಸದೆಯೇ ವಾಪಸು ಬರುವಾಗ ಮಗಳು ಗಾಡಿಯಲ್ಲಿ ನಿದ್ದೆ ಹೋದಳು. ಅಂಬುಬಾಯಿ ಗಂಡನನ್ನು ಕೇಳಿದಳು:

"ನಿಮ್ಮ ಹೊಟ್ಟಿ ಮ್ಯಾಲೂ ಬರಿ ಅದಾವಲ್ರಿ. ಅವು ಹೊಟ್ಟಿನೋವಿಗಿ ಹಾಕಿದ್ದೇನು?"

ಒಂದು ಹರದಾರಿ ದೂರ ಗಾಡಿ ಸಾಗಿತು. "ಅಲ್ಲ," ಎಂದ ದೇವಿದಾಸ. "ಮಾತಾಡವಲ್ಲ ಅಂತ ಹಾಕಿದ್ಲು ಅವ್ವ."

"ಗೊತ್ತಿದ್ದೂ ಕೂಸಿಗಿ ಹಾಕೂವಾಗ ಸುಮ್ಮನ ನಿಂತ್ರೇನು?"

ಅವನು ಎತ್ತಿನ ಬಾಲ ಮುಟ್ಟಿದ. ಹುಟ್ಟಿನಿಂದ ಬಂದ ಮೌನವನ್ನು ಯಾರಾದರೂ ಕ್ಷಮಿಸಬಹುದು. ಈ ಮೌನವನ್ನು ಅಂಬುಬಾಯಿ ಕ್ಷಮಿಸಲಿಲ್ಲ.

ಅಮಾವಾಸ್ಯೆಯ ದಿನ ಸತ್ಯಮ್ಮ ಒಲೆಯಲ್ಲಿ ಬಳೆಚೂರು ಇಟ್ಟು, "ಹುಡುಗಿನ ಹಿಡಕೊಂಡು ಬಾ" ಎಂದಳು. ಅಂಬುಬಾಯಿ ಒಲೆಗೆ ಒಂದು ಕೊಡ ನೀರು ಸುರಿದಳು.

"ಇನ್ನ ನನ್ನ ಮಗಳ ಮೈ ಮುಟ್ಟಿದ್ರ ಛಲೋ ಆಗಾಂಗಿಲ್ರಿ, ಅತ್ತಿ. ಅಕಿ ಹ್ಯಾಂಗ ಹುಟ್ಯಾಳ ಹಾಂಗೇ ಇರಲಿ."

ಸತ್ಯಮ್ಮ ಓಣಿಗೆಲ್ಲ ಕೇಳುವಂತೆ ಶಾಪ ಹಾಕಿದಳು. ಹಾಕಿಕೊಳ್ಳಲಿ ಎಂದು ಅಂಬುಬಾಯಿ ಹಿತ್ತಲಿಗೆ ಹೋದಳು. ಸುಗಂಧಾ ಕರುವಿನ ಪಕ್ಕದಲ್ಲಿ ಕುಳಿತಿದ್ದಳು. ಕಾಲೆಲ್ಲ ಧೂಳು. ಅಂಬುಬಾಯಿಗೆ ಗೆದ್ದ ಸಮಾಧಾನವಿತ್ತು, ಮಗಳಿಗೂ ಎಲ್ಲ ಕೇಳಿಸಿರಬೇಕೆಂಬ ಆಸೆಯಿತ್ತು. ಚೊಂಬಿನಲ್ಲಿ ನೀರು ತಂದು ಎದುರಿಗೆ ಕುಕ್ಕರಗಾಲಲ್ಲಿ ಕುಳಿತು, "ಬಾ ನನ್ನವ್ವಾ, ಕಾಲು ತೊಳೀತೇನಿ" ಎಂದು ಕೈ ಚಾಚಿದಳು.

ಸುಗಂಧಾ ಎರಡೂ ಕಾಲುಗಳನ್ನು ಲಂಗದೊಳಗೆ ಎಳೆದುಕೊಂಡಳು. ಅಂಬುಬಾಯಿ ಚಾಚಿದ ಕೈ ಹಿಂದೆ ತೆಗೆದುಕೊಂಡು, ಚೊಂಬನ್ನು ಮಗಳ ಹತ್ತಿರ ಸರಿಸಿ, ತಾನು ದೂರ ಹೋಗಿ ಕುಳಿತಳು.