ಗಾಜಿನ ಪೆಟ್ಟಿಗೆಯ ಗದ್ದುಗೆ

ಆರು ತಿಂಗಳ ಹಿಂದೆ ಕೂಡ್ಲಿಗಿ ಹೆದ್ದಾರಿ ಪಕ್ಕ ಜಾನಪದ ವಸ್ತುಸಂಗ್ರಹಾಲಯ ಕಟ್ಟಿದವರು ಇಟ್ಟಿಗಿ ಊರಿನ ಪೂಜಾರಿ ಚೌಡಣ್ಣನನ್ನು ಕರೆಸಿ, "ನಿಮ್ಮಲ್ಲಿ ಹಾಸುವ ಹಾಗೇ ಒಂದು ಕಂಬಳಿ ಗದ್ದುಗೆ ಹಾಸಿಕೊಡಿ" ಎಂದಿದ್ದರು. ಸುಳ್ಳು ಗದ್ದುಗೆ ಹಾಸುವುದು ಚೌಡಣ್ಣನಿಗೆ ಗೊತ್ತಿರಲಿಲ್ಲ. ಕರಿ ಕಂಬಳಿ ಹಾಸಿ, ಅಕ್ಕಿ ಸುರಿದು, ಕಳಸವಿಟ್ಟು, ಭಂಡಾರದ ಅರಿಶಿನ ಚೆಲ್ಲಿ, ಮೈಲಾರಲಿಂಗನನ್ನು ನಿಜವಾಗಿಯೇ ಕರೆದ. ಪೂಜೆ ಮುಗಿದ ಮೇಲೆ ದೇವರನ್ನು ಏಳಿಸಿ ಕಂಬಳಿ ಮಡಚಬೇಕು. ಅಷ್ಟರಲ್ಲಿ ಅವರು ಮೇಲೆ ಗಾಜಿನ ಪೆಟ್ಟಿಗೆ ಕೂರಿಸಿ ಬೀಗ ಜಡಿದರು. ಇವನಿಗೊಂದು ಶಾಲು ಹೊದಿಸಿ ಬಸ್ಸಿಗೆ ಹತ್ತಿಸಿದರು.

ಅಂದಿನಿಂದ ಚೌಡಣ್ಣ ಯಾರ ಮನೆಯಲ್ಲೂ ಗದ್ದುಗೆ ಹಾಸಿಲ್ಲ. ಕೇಳಿದವರಿಗೆಲ್ಲ ಸೊಂಟ ನೋವು ಎಂದ. ಆದರೆ ಈಗ ಸ್ವಂತ ಮಗಳು ಸಂಗೀತಾಳ ಮದುವೆ. ಸೋಮವಾರ ಗದ್ದುಗೆ ಹಾಸದೆ ಹಂದರ ಏರುವಂತಿಲ್ಲ. ಕೂಡ್ಲಿಗಿಯಲ್ಲಿ ಕೂತ ದೇವರು ಏಳದೆ ಇಟ್ಟಿಗಿಗೆ ಬರುವುದು ಹೇಗೆ? ಶುಕ್ರವಾರ ಹೆಂಡತಿ ಈರಕ್ಕನನ್ನು ಕರೆದುಕೊಂಡು ಬಸ್ಸು ಹತ್ತಿದ.

ಬಾಗಿಲಲ್ಲಿ ಕಾವಲುಗಾರ ಭೀಮರಾಜ ಟಿಕೆಟ್ ಕೇಳಿದ.

"ನಮ್ಮ ದೇವರು ನೋಡಾಕ ನಮಗ ಟಿಕೀಟೇನಪ್ಪಾ?" ಈರಕ್ಕ ಗದರಿದಳು.

"ದೇವರು ಬಂದ್ರೂ ಟಿಕೀಟ್ ಐತಬೇ. ಚಪ್ಲಿ ಹಾಕ್ಕಂಡ ಹೋಗ್ರಿ."

ಇಬ್ಬರೂ ಚಪ್ಪಲಿ ಹೊರಗೇ ಬಿಟ್ಟರು. ಪೆಟ್ಟಿಗೆಯ ಮುಂದೆ ಫಲಕವಿತ್ತು: 'ವಸ್ತು ಸಂಖ್ಯೆ ೪೧. ಕಂಬಳಿ ಗದ್ದುಗೆ. ಹಿಂದಿನ ಕಾಲದ ಆಚರಣೆ.' ಚೌಡಣ್ಣ ಕೈಮುಗಿದು ನಿಂತ.

ಪೆಟ್ಟಿಗೆ ತೆಗೆಸಿ, ದೇವರನ್ನು ಏಳಿಸಬೇಕು ಎಂದು ಅವನು ಕೇಳಿದ್ದಕ್ಕೆ ಸಂಗ್ರಹಾಲಯದ ಮುಖ್ಯಸ್ಥೆ ಯಶೋಧಾ ಮೇಡಂ ಆಗದೆಂದು ತಲೆಯಾಡಿಸಿದರು. "ವಸ್ತುವನ್ನು ಅಲುಗಿಸುವ ಹಾಗಿಲ್ಲ. ಅದಕ್ಕೆ ಸಮಿತಿ ಒಪ್ಪಬೇಕು. ಸಮಿತಿ ಸೇರುವುದು ದೀಪಾವಳಿ ಆದಮೇಲೆ."

"ಸೋಮಾರ ಮಗಳ ಮದುವಿ ಐತ್ರಿ. ದೇವರು ಆರು ತಿಂಗಳಿಂದ ಉಪಾಸ ಕುಂತಾನ" ಎಂದ ಚೌಡಣ್ಣ.

ಭೀಮರಾಜ ಮೆಲ್ಲಗೆ ಕೆಮ್ಮಿದ. "ಮೇಡಂ, ಒಳಗಿನ ಅಕ್ಕಿಗೆ ಹುಳ ಬಿದ್ದಾವ್ರಿ. ಸ್ವಚ್ಛ ಮಾಡಾಕ ಸಮಿತಿ ಬೇಕೇನ್ರಿ?"

ಮೇಡಂ ಯೋಚಿಸಿದರು. ಹುಳಕ್ಕೆ ಸಮಿತಿ ಬೇಕಿರಲಿಲ್ಲ. "ಐದು ಗಂಟೆಯೊಳಗೆ ಎಲ್ಲ ಇದ್ದ ಹಾಗೇ ಇರಬೇಕು" ಎಂದು ಬೀಗದ ಕೈ ಕೊಟ್ಟರು.

ಚೌಡಣ್ಣ ಭಂಡಾರ ತೂರಿ, "ಏಳು ಕೋಟಿಗೋ!" ಎಂದು ಮೈಲಾರಲಿಂಗನ ಘೋಷ ಕೂಗಿದ ದನಿಗೆ ಫೋಟೊ ತೆಗೆಯುತ್ತಿದ್ದ ಪ್ರವಾಸಿಗರು ಬೆಚ್ಚಿಬಿದ್ದರು. ಕಳಸ ತೆಗೆದು ಕಂಬಳಿ ಮಡಚಿದಾಗ ಎದೆಯ ಮೇಲಿನ ಬಂಡೆ ಇಳಿದಂತಾಯಿತು.

ಆದರೆ ತಿರುಗಿ ಹಾಸಬೇಕಲ್ಲ! ತಾನು ಹಾಸಿದರೆ ಬಾಯಿ ತಾನಾಗಿ ದೇವರನ್ನು ಕರೆಯುತ್ತದೆ. ಅವನು ಹೆಂಡತಿಯ ಕಡೆ ತಿರುಗಿದ. "ನೀ ಹಾಸು."

"ಹೆಣ್ಣು ಹಾಸಿದ್ರ ದೇವರು ಬರಂಗಿಲ್ಲಂತ ನೀನ ಅಂತಿದ್ದಿ?"

"ಅದಕ್ಕ ಹಾಸಂದಿದ್ದು."

"ಓಹೋ! ಮೂವತ್ತು ವರ್ಷ ನಾ ಹಾಸಿದ್ದರ ಮ್ಯಾಲ ನೀ ಹೆಂಗ ಬಂದು ಮಲಗಿದಿ ಮತ್ತ?"

ಭೀಮರಾಜ ಗೋಡೆಯ ಕಡೆ ತಿರುಗಿ ನಕ್ಕ. ಈರಕ್ಕ ಸಿಟ್ಟಿನಲ್ಲೇ ಕಂಬಳಿಯನ್ನು ಸೊಟ್ಟಗೆ ಎಸೆದಳು. ಕೋಳಿಗೆ ಚೆಲ್ಲುವಂತೆ ಹೊಸ ಅಕ್ಕಿ ಚೆಲ್ಲಿ ಕಳಸವನ್ನು ಧಪ್ಪನೆ ಕುಕ್ಕಿದಳು.

ಐದಕ್ಕೆ ಬಂದ ಮೇಡಂ ಗಾಜಿನ ಸುತ್ತ ಎರಡು ಸುತ್ತು ಹಾಕಿದರು. ಮುಖ ಅರಳಿತು. "ಹೋದ ಸಲದ್ದು ಏನೋ ಕೃತಕ ಅನ್ನಿಸ್ತಿತ್ತು ಚೌಡಣ್ಣನವರೇ. ಇದರಲ್ಲಿ ನಿಜವಾದ ದೈವಕಳೆ ಇದೆ."

ಚೌಡಣ್ಣ ಏನೋ ಹೇಳಲು ಬಾಯಿ ತೆರೆದ. ಈರಕ್ಕ ಅವನ ತೋಳು ಹಿಡಿದು ಬಾಗಿಲ ಕಡೆ ಎಳೆದಳು.

"ಸುಮ್ಮನ ಬಾ. ನಿಮ್ಮ ದೇವರು ಕೇಳಿಸ್ಕಂಡು ತಿರುಗಿ ಬಂದು ಕುಂತಾನು."