ಮುಚ್ಚಳಕ್ಕೆ ಅಂಟಿಸಿದ ಸೆನ್ಸರ್

ಬಿರುಗಾಳಿಗೆ ದೋಣಿ ಮುಳುಗಿ ಅಣ್ಣ ಹೋಗಿ ಹನ್ನೊಂದು ದಿನವಾಗಿತ್ತು. ಅತ್ತಿಗೆಯ ಸಿಟ್ಟು ಮಾತ್ರ ಇಳಿದಿರಲಿಲ್ಲ. ಸಿಟ್ಟು ಸಮುದ್ರದ ಮೇಲಲ್ಲ, ಸತ್ತ ಗಂಡನ ಮೇಲೆ. "ಒಂದು ಗುಂಡಿ ಒತ್ತೋಕೆ ಅವರಿಗೇನು ಧಾಡಿಯಾಗಿತ್ತು?" ಎಂದು ಮಾತಾಡಿಸಲು ಬಂದವರನ್ನೆಲ್ಲ ಕೇಳುತ್ತಿದ್ದಳು. ದೋಣಿಯಲ್ಲಿ ಅಪಾಯದ ಗುಂಡಿಯಿತ್ತು. ಒತ್ತಿದರೆ ಬಂದರಿನ ರೇಡಿಯೋ ಕೋಣೆಯಲ್ಲಿ ಗಂಟೆ ಹೊಡೆಯಬೇಕು. ಅಂದು ಹೊಡೆಯಲಿಲ್ಲ. ಸಾಲದ್ದಕ್ಕೆ, "ನಾನು ಆ ಗುಂಡಿ ಒತ್ತಿದ್ರೆ ಮೀನುಗಳೇ ನಗ್ತಾವೆ" ಎಂದು ಅಣ್ಣ ಬದುಕಿದ್ದಾಗ ಕಂಡಕಂಡವರ ಮುಂದೆ ಜಂಬ ಕೊಚ್ಚಿಕೊಂಡಿದ್ದ. ಹಾಗಾಗಿ ಅವನು ಒತ್ತಲಿಲ್ಲ ಎಂದು ಎಲ್ಲರೂ ನಂಬಿದರು. ವರದಿಯಲ್ಲೂ ಹಾಗೇ ಬರೆದರು.

ಆ ರೇಡಿಯೋ ಕೋಣೆಯ ಮೆಕ್ಯಾನಿಕ್ ಅವನ ತಂಗಿಯೇ. ಕಡ್ಡಿಯ ಹಾಗೆ ಉದ್ದಕ್ಕೆ ಬೆಳೆದವಳೆಂದು ಅಣ್ಣ ಅವಳನ್ನು ಚಿಕ್ಕಂದಿನಿಂದಲೂ ಆಂಟೆನಾ ಎಂದೇ ಕರೆಯುತ್ತಿದ್ದ.

ಹನ್ನೊಂದನೆಯ ದಿನ ಮಧ್ಯಾಹ್ನ ಬಿಸಿಲು ಸುಟ್ಟು ಸುಣ್ಣ ಮಾಡುತ್ತಿತ್ತು. ಇದ್ದಕ್ಕಿದ್ದಂತೆ ಮಳೆ ಧೋ ಎಂದು ಸುರಿಯಿತು. ಆಂಟೆನಾ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪರದೆಯ ಮೇಲೆ ದೀಪಸ್ತಂಭದ ಸಿಗ್ನಲ್ ಒಂದು ನೇರ ಗೆರೆ. ಹಗಲೂ ರಾತ್ರಿ ಅಲ್ಲಾಡದೆ ನಿಲ್ಲುವ ಗೆರೆ. ಅದು ಪಕ್ಕಕ್ಕೆ ಸರಿಯತೊಡಗಿತು. ನೋಡನೋಡುತ್ತಲೇ, ಶ್ರುತಿ ತಪ್ಪಿದ ಸಿಗ್ನಲ್ಲುಗಳನ್ನೆಲ್ಲ ಎಸೆದುಬಿಡುವ ಫಿಲ್ಟರಿನ ಅಂಚು ದಾಟಿ ಹೊರಗೆ ಹೋಯಿತು. ಅರ್ಧ ಗಂಟೆಯ ಹೊತ್ತಿಗೆ ಏನೂ ಆಗದಂತೆ ತನ್ನ ಜಾಗಕ್ಕೆ ಮರಳಿತು.

ಅವಳು ತಲೆಯೆತ್ತಿ ಮಾಳಿಗೆಯತ್ತ ನೋಡಿದಳು.

ರಿಸೀವರ್ ಇದ್ದದ್ದು ಮಾಳಿಗೆಯ ಮೇಲೆ, ಒಂದು ತಗಡಿನ ಪೆಟ್ಟಿಗೆಯೊಳಗೆ. ರಿಸೀವರಿನ ಶ್ರುತಿ ಹಿಡಿದಿಡುವ ಹರಳು ಕಾದರೆ ಶ್ರುತಿ ಜಾರುತ್ತದೆ. ಎಷ್ಟು ಕಾದರೆ ಎಷ್ಟು ಜಾರುತ್ತದೆಂದು ಅವಳೇ ತಿಂಗಳುಗಟ್ಟಲೆ ಅಳೆದು ಪಟ್ಟಿ ಮಾಡಿದ್ದಳು. ಸೆನ್ಸರ್ ಶಾಖ ಹೇಳುತ್ತದೆ, ಸಾಫ್ಟ್‌ವೇರ್ ಪಟ್ಟಿ ನೋಡಿ ಶ್ರುತಿ ತಿದ್ದುತ್ತದೆ. ಎಲ್ಲ ಸರಿ. ಆದರೆ ಆ ಸೆನ್ಸರನ್ನು ಹರಳಿನ ಪಕ್ಕ ಕೂರಿಸಲು ಇಡೀ ಬೋರ್ಡು ಬಿಚ್ಚಬೇಕಿತ್ತು. ಯಾರಿಗೆ ಬೇಕು ಆ ತಾಪತ್ರಯ ಎಂದು ಮುಚ್ಚಳಕ್ಕೆ ಅಂಟಿಸಿ ಕೈ ತೊಳೆದುಕೊಂಡಿದ್ದಳು. ಉಳಿದ ದಿನಗಳಲ್ಲಿ ಅದೇನೂ ತೊಂದರೆ ಕೊಡಲಿಲ್ಲ. ಕಾದ ತಗಡಿನ ಮೇಲೆ ಮಳೆ ಬಿದ್ದರೆ ಮಾತ್ರ ಮುಚ್ಚಳ ಕ್ಷಣದಲ್ಲಿ ತಣ್ಣಗಾಗುತ್ತದೆ, ಒಳಗಿನ ಹರಳು ಕುದಿಯುತ್ತಲೇ ಇರುತ್ತದೆ. ಸಾಫ್ಟ್‌ವೇರ್ ಮುಚ್ಚಳದ ಮಾತು ನಂಬಿ ಇಲ್ಲದ ತಂಪಿಗೆ ಶ್ರುತಿ ತಿದ್ದುತ್ತದೆ. ಅಯ್ಯೋ, ಬಿರುಗಾಳಿ ಮಳೆ ಬಂದಾಗಲೇ ತಾನೇ ದೋಣಿಗಳು ಕೂಗುವುದು! ಅಂದೂ ಕಾದ ತಗಡಿನ ಮೇಲೆ ಹೀಗೇ ಮಳೆ ಸುರಿದಿತ್ತು.

ರಿಸೀವರ್ ಹಿಡಿದದ್ದೆಲ್ಲ, ಫಿಲ್ಟರ್ ಎಸೆದದ್ದೂ ಸೇರಿ, ಡಿಸ್ಕಿನಲ್ಲಿ ಉಳಿದಿರುತ್ತದೆ. ಅವಳು ಅಣ್ಣ ಹೋದ ದಿನದ ದಾಖಲೆ ತೆರೆದು, ಗೆರೆ ಸರಿದ ಕಡೆಗೆ ಶ್ರುತಿ ಸರಿಸಿದಳು.

ಪೀಂ.

ಹತ್ತು ಸೆಕೆಂಡು ಬಿಟ್ಟು, ಪೀಂ.

ಪರದೆಯ ಮೇಲೆ ಅಣ್ಣನ ದೋಣಿಯ ಸಂಖ್ಯೆ. ಮೂರು ಗಂಟೆ ಹತ್ತೊಂಬತ್ತು ನಿಮಿಷಕ್ಕೆ ಶುರು, ಮೂರು ನಲವತ್ತೊಂದಕ್ಕೆ ನಿಂತಿತ್ತು. ದೀಪಸ್ತಂಭದ ಗೆರೆ ಸರಿಯಾದ ಜಾಗಕ್ಕೆ ಬಂದದ್ದು ಮೂರು ನಲವತ್ಮೂರಕ್ಕೆ. ರಕ್ಷಣಾ ದೋಣಿ ಅಲ್ಲಿಗೆ ತಲುಪಲು ಹದಿನೈದು ನಿಮಿಷ ಸಾಕಿತ್ತು.

ಮೇಲಧಿಕಾರಿ ಹಿಂದೆ ಬಂದು ನಿಂತು ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. "ನೋಡಮ್ಮ, ವರದಿ ಮುಗಿದಿದೆ. ಸೆನ್ಸರ್ ಸರಿ ಮಾಡಿ ಸುಮ್ಮನಿದ್ಬಿಡು. ಹೋದವನೇನು ಬರ್ತಾನಾ?" ಎಂದರು. ಕೆಟ್ಟವರೇನಲ್ಲ, ಅವಳ ಒಳ್ಳೆಯದಕ್ಕೇ ಹೇಳಿದರು. ಅವಳಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಆದರೆ ತನ್ನ ತಪ್ಪು ಮುಚ್ಚಿಟ್ಟರೆ ಅಣ್ಣನ ಹೆಂಡತಿ ಜೀವಮಾನವಿಡೀ ಅವನನ್ನು ಬೈಯುತ್ತಾಳೆ. ಆಂಟೆನಾ ಫೋನ್ ಎತ್ತಿಕೊಂಡಳು.

ಅತ್ತಿಗೆ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಆಂಟೆನಾ ಎಲ್ಲ ಹೇಳಿದಳು, ಮುಚ್ಚಳವನ್ನೂ ಬಿಡಲಿಲ್ಲ. "ಅಣ್ಣ ಒತ್ತಿದ್ದ, ಅತ್ತಿಗೆ. ಕೇಳಿಸದ ಹಾಗೆ ಮಾಡಿದ್ದು ನಾನು."

ಅತ್ತಿಗೆ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡಳು. ಆಮೇಲೆ, "ಆ ಸದ್ದು ಹಾಕು" ಎಂದಳು.

ಎರಡು ನಿಮಿಷವಾದ ಮೇಲೆ ಆಂಟೆನಾ ನಿಲ್ಲಿಸಲು ಹೋದಳು.

"ನಿಲ್ಲಿಸ್ಬೇಡ. ಪೂರ್ತಿ ಕೇಳ್ಬೇಕು. ನೀನೂ ಕೂತ್ಕೋ."

ಇಪ್ಪತ್ತೆರಡು ನಿಮಿಷ ಇಬ್ಬರೂ ಕೂತರು. ಅತ್ತಿಗೆ ಒಂದೊಂದೇ ಕೂಗನ್ನು ಬೆರಳ ಗಿಣ್ಣಿನ ಮೇಲೆ ಎಣಿಸುತ್ತಿದ್ದಳು. ಕೊನೆಯದಾದ ಮೇಲೆ ಬೆರಳು ಮುಂದಿನದಕ್ಕಾಗಿ ಕಾಯಿತು. ಬರಲಿಲ್ಲ.

"ನೂರಾ ಮೂವತ್ತೆರಡು," ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಹನ್ನೊಂದು ದಿನ ಅವರಿಗೆ ಹಿಡಿಶಾಪ ಹಾಕಿದೆನಲ್ಲೇ. ನಿನ್ನ ಮುಖ ನೋಡೋಕೆ ನಂಗೆ ಎಷ್ಟು ದಿನ ಬೇಕಾಗುತ್ತೋ ಗೊತ್ತಿಲ್ಲ. ನಾಳೆ ಬೆಳಿಗ್ಗೆ ಬೇರೆಯವರ ಗಂಡಂದಿರು ಹೊರಡ್ತಾರೆ. ಮೊದ್ಲು ಹೋಗಿ ಅದನ್ನ ಕಿತ್ತು ಸರಿ ಜಾಗಕ್ಕೆ ಹಾಕು."

ಆಂಟೆನಾ ಸ್ಕ್ರೂಡ್ರೈವರ್ ಹಿಡಿದು ಮಾಳಿಗೆಯ ಏಣಿ ಹತ್ತಿದಳು. ತಗಡು ಇನ್ನೂ ಒದ್ದೆಯಾಗಿತ್ತು. ಕೆಳಗೆ ಗೇಟಿನ ಬಳಿ ಅತ್ತಿಗೆ ಕಾವಲುಗಾರನನ್ನು ನಿಲ್ಲಿಸಿ, ಅವನು ಕೇಳದಿದ್ದರೂ ಹೇಳುತ್ತಿದ್ದಳು: "ಒತ್ತಿದ್ರು ಕಣಪ್ಪ. ನಮ್ಮನೆಯವರು ಗುಂಡಿ ಒತ್ತಿದ್ರು."