ಪೂರ್ತಿ ಆಡಿ ಬರೆದದ್ದು

ನೇಕಾರ ಹನಮಂತಪ್ಪನ ಮನೆಗೆ ಸೀರೆ ಕೊಳ್ಳಲು ಬಂದವರಿಗೆ ಒಂದು ತೊಂದರೆ ಇತ್ತು. ಸೀರೆಯನ್ನು ಪೂರಾ ಬಿಚ್ಚಿ ತೋರಿಸದೆ ಅವನು ದರ ಹೇಳುತ್ತಿರಲಿಲ್ಲ. ಸೆರಗು ನೋಡಿದೆ, ಅಂಚು ನೋಡಿದೆ, ಸಾಕು ಬಿಡ್ರಿ ಎಂದರೂ ಕೇಳುವವನಲ್ಲ. ಪಡಸಾಲೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಸೀರೆ ಹಾಸಿ, ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಸರಿಯುತ್ತ, ಎಳೆ ಹರಿದು ಗಂಟು ಹಾಕಿದ ಜಾಗವಿದ್ದರೆ ತಾನೇ ಬೆರಳಿಟ್ಟು ತೋರಿಸುತ್ತಿದ್ದ. "ಇಲ್ಲೊಂದು ಐತಿ ನೋಡ್ರಿ. ನನ್ನ ಕೈದ ತಪ್ಪು." ಒಮ್ಮೆ ಒಬ್ಬ ದೊಡ್ಡ ವ್ಯಾಪಾರಿ ಮಡಿಕೆ ಬಿಚ್ಚದೆ ಕಟ್ಟಿನ ಮೇಲೆ ಕೈ ತಟ್ಟಿ ದರ ಹೇಳಿದನೆಂದು, ಅಷ್ಟೂ ಸೀರೆಯನ್ನು ಹೆಗಲಿಗೇರಿಸಿ ಮನೆಗೆ ವಾಪಸು ತಂದಿದ್ದನಂತೆ. ಆ ವಾರ ಏನು ಉಂಡಿರಿ ಎಂದು ಯಾರಾದರೂ ಕೇಳಿದರೆ ತಿಪ್ಪವ್ವ ಈಗಲೂ ಗಂಡನ ಕಡೆ ಓರೆಗಣ್ಣು ಬಿಟ್ಟು, "ಇವರ ಸಿಟ್ಟನ್ನ ಬೇಸಿ ಉಂಡ್ವಿ" ಎನ್ನುತ್ತಾಳೆ.

ಅವರ ಒಬ್ಬಳೇ ಮಗಳು ಮಧುಮತಿ. ಧಾರವಾಡದಲ್ಲಿ ಎಂ.ಎ. ಮುಗಿಸಿ ಗಜೇಂದ್ರಗಡಕ್ಕೆ ಮರಳಿದವಳು, ಕನ್ನಡದಲ್ಲಿ ವಿಡಿಯೊ ಗೇಮುಗಳ ವಿಮರ್ಶೆ ಹಾಕುವ ಒಂದು ಜಾಲತಾಣಕ್ಕೆ ಬರೆಯುತ್ತಿದ್ದಳು. ಗದಗಿನ ಈರೇಶ ಅದನ್ನು ನಡೆಸುತ್ತಿದ್ದ. ಮಾತಿನ ವಿಷಯದಲ್ಲಿ ಅವಳು ಬಲು ಹೆದರಿಕೆಯವಳು. ಒಂದು 'ಬಹುಶಃ' ಇಡಬೇಕೋ ತೆಗೆಯಬೇಕೋ ಎಂದು ಅರ್ಧ ದಿನ ಕಳೆಯುವಳು. ಬರೆದದ್ದನ್ನು ಮೂರು ಸಲ ಓದಿ, ಕಳಿಸಿದ ಮೇಲೆ ನಾಲ್ಕನೆಯ ಸಲ ಓದಿ ಕೊರಗುವಳು. ಹನಮಂತಪ್ಪನಿಗೆ ಈ ಕೆಲಸದ ತಲೆಬುಡ ತಿಳಿಯದಿದ್ದರೂ ತನ್ನ ಲೆಕ್ಕದಲ್ಲಿ ಚೆನ್ನಾಗಿಯೇ ತಿಳಿದಿತ್ತು. "ಪರದೇಶದಾವ್ರು ಆಟ ಮಾಡಿ ಕಳಸ್ತಾರ್ರಿ. ನಮ್ಮ ಹುಡುಗಿ ಆ ತುದಿಯಿಂದ ಈ ತುದಿತನ ನೋಡಿ, ಎಳಿ ಎಲ್ಲಿ ಹರದೈತಿ ಅಂತ ಹೇಳ್ತಾಳ" ಎಂದು ಓಣಿಯ ಮಂದಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಮೂರು ವಾರದಿಂದ ಮಧುಮತಿ ಎದ್ದು ಒಳಗೆ ಸರಿದುಬಿಡುತ್ತಿದ್ದಳು.

ಅದಕ್ಕೆ ಕಾರಣ 'ಹರಕು ಛತ್ರಿಯ ವೀರ' ಎಂಬ ಜಪಾನಿ ಆಟ. ನಗೆಯ ಕತೆ ಅದು. ಕತ್ತಿ ಕೊಳ್ಳುವ ತಾಕತ್ತಿಲ್ಲದ ಒಬ್ಬ ವೀರ ಹರಕು ಛತ್ರಿ ಹಿಡಿದು ಊರೂರು ಅಲೆಯುತ್ತಾನೆ. ಮೂಲಂಗಿಯ ಉಪ್ಪಿನಕಾಯಿ ರಾಕ್ಷಸರೊಡನೆ ಹೊಡೆದಾಡುತ್ತಾನೆ. ಕಪ್ಪೆಯೊಂದು ಸಾಹೇಬನ ಕುರ್ಚಿಯಲ್ಲಿ ಕೂತು ಅವನ ಅರ್ಜಿಗೆ ಮೇಲಿಂದ ಮೇಲೆ ತಕರಾರು ತೆಗೆಯುತ್ತದೆ. ಪ್ರತಿ ಊರಿನ ಬಾಗಿಲಲ್ಲೂ ಒಬ್ಬ ಅಜ್ಜಿ ಎದುರಾಗಿ "ಊಟ ಆಯಿತಾ?" ಎಂದು ಕೇಳುತ್ತಾಳೆ. 'ಆಯಿತು', 'ಇಲ್ಲ' ಎಂಬ ಎರಡು ಗುಂಡಿಗಳು. ವೀರನ ಹೊಟ್ಟೆ ಗುರುಗುಡುತ್ತಿರುವುದು ಆಟದಲ್ಲೇ ಕೇಳಿಸುತ್ತದೆ. ಆದರೂ ಮಧುಮತಿ ಪ್ರತಿ ಸಲ 'ಆಯಿತು' ಒತ್ತಿದಳು. ಈ ಕಡೆಯವರು ಯಾರಾದರೂ ಹಾಗೆಯೇ ಒತ್ತುತ್ತಿದ್ದರು. ದಾರಿಯಲ್ಲಿ ಸಿಕ್ಕವರು ಊಟ ಆತೇನ್ರಿ ಎಂದರೆ, ಉಂಡಿರಲಿ ಬಿಡಲಿ, ಆತ್ರಿ ನಿಮ್ದು ಎಂದು ಮುಂದೆ ಹೋಗುವುದಲ್ಲವೇ.

ಆಟ ನಲವತ್ತು ಗಂಟೆಯದು. ಒಂಬತ್ತು ಗಂಟೆ ಆಡುವಷ್ಟರಲ್ಲಿ ಈರೇಶನ ಫೋನು ಬಂತು. "ಮಧು, ಇದನ್ನ ಕನ್ನಡದಾಗ ಯಾರೂ ಬರದಿಲ್ಲ. ನಾಳೆ ಸಂಜಿಗೆ ಹಾಕಿಬಿಡೋಣ. ಉಳಿದದ್ದನ್ನ ಹೆಂಗಾರ ತುಂಬು." ಅವಳು ಅವಸರದಲ್ಲಿ ಉಳಿದ ಕತೆಯ ನಾಲ್ಕಾರು ತುಣುಕು ವಿಡಿಯೊ ನೋಡಿದಳು. ಹತ್ತಕ್ಕೆ ಐದು ಅಂಕ ಕೊಟ್ಟಳು. "ಅಜ್ಜಿಯ ಒಂದೇ ಪ್ರಶ್ನೆ ಹಳಸಿದ ಹಾಸ್ಯ. ನಾನು ಪ್ರತಿ ಸಲ 'ಆಯಿತು' ಎಂದೆ, ಏನೂ ಆಗಲಿಲ್ಲ. ನಾವು ಏನು ಹೇಳಿದೆವೆಂಬುದು ಈ ಆಟಕ್ಕೆ ನೆನಪೇ ಇಲ್ಲ" ಎಂದು ಬರೆದಳು. ಪ್ರತಿ ವಿಮರ್ಶೆಯ ಕೆಳಗೆ ಬರೆದವರೇ ಒಂದು ಸಾಲು ಸೇರಿಸುವುದು ಆ ಜಾಲತಾಣದ ಪದ್ಧತಿ: 'ಪೂರ್ತಿ ಆಡಿ ಬರೆದದ್ದು.' ಅದನ್ನೂ ಸೇರಿಸಿದಳು. ತೂಗಿ ನೋಡದೆ ಬರೆದದ್ದು ಆ ಮೂರು ಪದ ಮಾತ್ರ.

ಎರಡು ದಿನದ ಮೇಲೆ ನರೇಗಲ್ಲಿನ ಒಬ್ಬ ಓದುಗರು ವಿಮರ್ಶೆಯ ಕೆಳಗೆ ಕೇಳಿದ್ದರು. "ಆರನೇ ಅಧ್ಯಾಯ ಆದ ಮೇಲೂ ನಿಮಗೆ ಅಜ್ಜಿ ಹಾಗೇ ಅನಿಸಿದಳೇ? ತಿಳಿಯುವ ಆಸೆ, ಬೇಸರ ಮಾಡಿಕೊಳ್ಳಬೇಡಿ." ಬೈದಿದ್ದರೆ ಸುಮ್ಮನಿರಬಹುದಿತ್ತು. ಇಷ್ಟು ಮೆತ್ತಗೆ ಕೇಳಿದವರಿಗೆ ಉತ್ತರ ಕೊಡದಿರುವುದು ಹೇಗೆ? "ಹೌದು, ಹಾಗೇ ಅನಿಸಿತು" ಎಂದು ಬರೆದಳು. ಅವಳು ಮೂರನೇ ಅಧ್ಯಾಯವನ್ನೂ ದಾಟಿರಲಿಲ್ಲ. ನಾಚಿಕೆ ಶುರುವಾದದ್ದು ಆಮೇಲೆ.

ವಿಮರ್ಶೆ ಹಾಕಿ ಮೂರು ವಾರವಾದ ಮೇಲೆ ಒಂದು ಭಾನುವಾರ ಮಧ್ಯಾಹ್ನ ನರೇಗಲ್ಲಿನಿಂದ ಜಮಾಲಬಿ ಎಂಬ ಶಾಲೆಯ ಟೀಚರು ಪಟ್ಟೇದಂಚಿನ ಸೀರೆ ಕೇಳಿಕೊಂಡು ಬಂದರು. ನಲವತ್ತರ ಹೆಂಗಸು, ನಗುಮುಖ. ಹನಮಂತಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಿಂದ ಎದ್ದು ಬಂದು ಸೀರೆ ಹಾಸತೊಡಗಿದ.

"ಇರಲಿ ಬಿಡ್ರಿ ಕಾಕಾರ, ಸೆರಗ ನೋಡಿದ್ನೆಲ್ಲ."

"ಸೆರಗ ಎಲ್ಲಾರೂ ಚಲೋನ ನೇಯ್ತಾರ್ರಿ ಅಕ್ಕಾರ. ಕಳ್ಳತನ ಇರೂದು ನಡುವ."

"ಬಸ್ ಹೋಗತೈತ್ರಿ."

"ಇನ್ನೊಂದು ಬರತೈತಿ," ಎಂದಳು ಕಂಡಿಕೆಗೆ ನೂಲು ಸುತ್ತುತ್ತಿದ್ದ ತಿಪ್ಪವ್ವ. "ಇವರ ಕೈಯಾಗ ಸಿಕ್ಕೀರಿ, ಸುಮ್ನ ಕುಂದರ್ರಿ."

ಮಧುಮತಿ ಚಹಾ ತಂದಿಟ್ಟಳು. ಹನಮಂತಪ್ಪ ಸೀರೆಯ ಮಧ್ಯಕ್ಕೆ ಸರಿದಿದ್ದವನು ಅಲ್ಲಿಂದಲೇ ತಲೆಯೆತ್ತಿ, "ನಮ್ಮ ಮಧುಮತಿನೂ ನನ್ನಂಗ ನೋಡ್ರಿ. ಜಪಾನದಾವ್ರ ಆಟ ಆದ್ರೂ ತುದಿಮಟ ನೋಡದ ನಂಬರ್ ಕೊಡಂಗಿಲ್ಲ" ಎಂದ.

ಜಮಾಲಬಿ ಲೋಟ ಕೆಳಗಿಟ್ಟರು. "ಅಯ್ಯ, ಆ ಮಧುಮತಿ ನೀವನ ಏನ್ರಿ? ನರೇಗಲ್ಲಿಂದ ಕೇಳಿದಾಕಿ ನಾನ್ರಿ, ಅಜ್ಜಿ ಬಗ್ಗೆ!" ಅವರ ಮುಖ ಅರಳಿತು. "ಸಾಲಿ ಬಿಟ್ಟ ಮ್ಯಾಲೆ ಮೊಬೈಲಿನಾಗ ಆಡಿ ಮುಗಿಸೇನ್ರಿ. ಆ ಕಪ್ಪಿ ಸಾಹೇಬನಂಥಾಂವ ನಮ್ಮ ಸಾಲಿ ಆಫೀಸಿನಾಗೂ ಒಬ್ಬಾಂವ ಅದಾನ, ನಕ್ಕು ನಕ್ಕು ಸಾಕಾತು. ಮಾತಾಡಾಕ ಊರಾಗ ಒಬ್ರೂ ಇಲ್ಲ. ಹೇಳ್ರಿ, ಆರನೇದ್ರಾಗ ಅಜ್ಜಿ ನಿಮಗೇನ ಕೊಟ್ಲು?"

ಅಪ್ಪ ಮಗಳ ಮುಖವನ್ನೇ ನೋಡುತ್ತಿದ್ದ, ಪರೀಕ್ಷೆಯಲ್ಲಿ ಪಾಸಾಗುವ ಮಗುವನ್ನು ನೋಡುವಂತೆ. ಮಧುಮತಿ ಒಂದು ಕ್ಷಣ ಲೆಕ್ಕ ಹಾಕಿದಳು. ಊಟ ಆಯಿತಾ ಎಂದು ಕೇಳುತ್ತಲೇ ಬಂದ ಅಜ್ಜಿ ಕೊನೆಗೆ ಇನ್ನೇನು ಕೊಟ್ಟಾಳು?

"ಊಟ ಕೊಟ್ಟಳ್ರಿ," ಎಂದಳು. "ಬುತ್ತಿ. ನನಗೂ ಕಣ್ಣಾಗ ನೀರು ಬಂತು."

"ಬುತ್ತಿ ಕೊಟ್ಟಳಾ? ಆದ್ರ ನೀವು ಪ್ರತಿ ಸಲ ಆತು ಅಂತ..." ಜಮಾಲಬಿ ಅಲ್ಲಿಗೇ ನಿಲ್ಲಿಸಿದರು. ಅವರ ನಗು ಹೋಗಲಿಲ್ಲ, ಆದರೆ ಅಲ್ಲೇ ನಿಂತುಬಿಟ್ಟಿತು. ಮಧುಮತಿಯನ್ನು ನೋಡಿದರು. ಹಾಸಿದ ಸೀರೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದ ಹನಮಂತಪ್ಪನನ್ನು ನೋಡಿದರು. ಆಮೇಲೆ ಚಹಾದ ಲೋಟ ಎತ್ತಿಕೊಂಡು, "ಹೌದೌದು, ಬುತ್ತಿನ. ನನಗ ಮರತಿತ್ತು ನೋಡ್ರಿ. ಭಾಳ ಚಲೋ ಬರದೀರಿ" ಎಂದರು.

"ಮತ್ತ!" ಎಂದ ಹನಮಂತಪ್ಪ.

ಮಧುಮತಿಗೆ ಕಿವಿಯ ತುದಿಯವರೆಗೆ ಬಿಸಿಯೇರಿತು. ಸಿಕ್ಕಿಬಿದ್ದದ್ದು ಒಂದು ಕಡೆಗಿರಲಿ, ಗುರುತಿಲ್ಲದ ಹೆಂಗಸೊಬ್ಬಳು ತನ್ನ ಸುಳ್ಳಿಗೆ ತಾನೂ ಒಂದು ಸುಳ್ಳು ಸೇರಿಸಿ ಮುಚ್ಚಿದ್ದಳು, ಅದೂ ಅಪ್ಪನ ಮುಖ ನೋಡಿ. ಉಳಿದ ಸೀರೆ ಹಾಸಿ ಮುಗಿಯುವವರೆಗೆ ಅವಳು ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಜಮಾಲಬಿ ಸೀರೆ ಕೊಂಡರು. ಸೀರೆ ಕೊಳ್ಳಲು ಬಂದ ಹೆಣ್ಣುಮಕ್ಕಳನ್ನು ಬಸ್‌ಸ್ಟ್ಯಾಂಡಿನ ತನಕ ಕಳಿಸಿ ಬರುವುದು ಆ ಮನೆಯ ರೂಢಿ. ತಿಪ್ಪವ್ವ "ಹೋಗು, ಕಳಿಸಿ ಬಾ" ಎಂದಳು.

ಇಬ್ಬರೂ ಬಜಾರು ದಾಟಿದರು. ಬಸ್‌ಸ್ಟ್ಯಾಂಡಿನ ಕಟ್ಟೆ ಹತ್ತಿರ ಮಧುಮತಿ ನಿಂತಳು.

"ನಾ ಆರನೇದು ಆಡಿಲ್ರಿ."

"ಗೊತ್ತಾತ್ರಿ."

"ನಮ್ಮಪ್ಪನ ಮುಂದ ಯಾಕ..."

"ಅಷ್ಟ ದೊಡ್ಡ ಸೀರಿ ಹಾಸ್ಕೊಂಡು ಕುಂತಾರ, ಅವರ ಮುಂದ ಹೆಂಗ ಹೇಳ್ಲಿ?" ಜಮಾಲಬಿ ಸೀರೆಯ ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ಆಕಿ ಎಲ್ಲಾ ನೆನಪು ಇಟ್ಟಿರ್ತಾಳ್ರಿ. ಇಲ್ಲ ಅಂದಾವ್ರಿಗೆ ಬುತ್ತಿ. ಆತು ಆತು ಅಂತ ಸುಳ್ಳು ಹೇಳಿದಾವ್ರಿಗೆ ಖಾಲಿ ಡಬ್ಬಿ. ನೀ ಉಂಡೀದಿ ಅಂತ ನೀನ ಹೇಳೀದಿ, ಅದಕ್ಕ ನಿನ್ನ ಪಾಲು ಬ್ಯಾರೆದಾವ್ರಿಗೆ ಕೊಟ್ಟೆ ಅಂತಾಳ. ನನಗೂ ಖಾಲಿ ಡಬ್ಬಿನ ಬಂತು, ನಾನೂ ಈ ಕಡಿದಾಕಿನ ಅಲ್ಲ? ಮೊದ್ಲು ನಕ್ಕೆ. ಆಮೇಲೆ ಡಬ್ಬಿ ಹಿಡ್ಕೊಂಡು ನಿಂತ ಆ ಛತ್ರಿ ಹುಡುಗನ್ನ ನೋಡಿ ಅತ್ತೆ."

"ನಾ ಬರದದ್ದು ತಪ್ಪಾತ್ರಿ," ಎಂದಳು ಮಧುಮತಿ.

"ನನಗ ಹೇಳಿದ್ರಿ, ಆತು. ಆದ್ರ ನಮ್ಮ ರೇಷ್ಮಾ, ನನ್ನ ಗೆಳತಿ, ನಿಮ್ಮ ಐದು ನೋಡಿ ಆಟಾನ ಅರ್ಧಕ್ಕ ಬಿಟ್ಲು. ಮುಂದ ಚಲೋ ಐತಿ ಅಂತ ನಾ ಹೇಳಿದ್ರ, ಮಧುಮತಿ ಪೂರಾ ಆಡಿ ಹೇಳ್ಯಾಳ, ನೀ ಏನ್ ಹೇಳ್ತಿ ಅಂತಾಳ." ಬಸ್ಸು ಬಂತು. ಜಮಾಲಬಿ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದರು. "ಬೇಜಾರಾಗಬ್ಯಾಡ್ರಿ, ಹಾಂ?"

ಮಧುಮತಿ ಅಲ್ಲೇ ನಿಂತು ಈರೇಶನಿಗೆ ಫೋನು ಮಾಡಿ, ಪೂರ್ತಿ ಆಡಿರಲಿಲ್ಲವೆಂದು ಜಾಲತಾಣದಲ್ಲಿ ಬರೆದು ಹಾಕುತ್ತೇನೆ ಎಂದಳು.

"ಹುಚ್ಚಿ ಅದೀ ಏನ?" ಎಂದ ಅವನು. "ಅಜ್ಜಿ ಬಗ್ಗೆ ಇರೋ ಸಾಲು ಸುಮ್ನ ತಗದಬಿಡು. ಮೂರು ವಾರ ಆತು, ಯಾರ ನೋಡ್ತಾರ?"

"ನೋಡ್ಯಾರ, ಈರೇಶ. ಸೀರಿ ತಗೊಂಡು ಈಗ ಬಸ್ ಹತ್ತಿದ್ರು."

ಮನೆಗೆ ಬಂದು ಬರೆಯಲು ಕೂತಳು. ಮೊದಲು 'ಸಮಯದ ಅಭಾವದಿಂದ' ಎಂದು ಬರೆದಳು, ಅಳಿಸಿದಳು. 'ಕೆಲವು ತಾಂತ್ರಿಕ ಕಾರಣಗಳಿಂದ' ಎಂದಳು. ಅದು ಇನ್ನೂ ಹೊಲಸಾಗಿ ಕಂಡಿತು. ಇಷ್ಟು ವರ್ಷ ತಾನು ಮಾತು ತೂಗಿದ್ದು ನಿಜ ಹೇಳಲೋ, ಯಾರ ಕೈಗೂ ಸಿಗದೆ ಜಾರಿಕೊಳ್ಳಲೋ ಎಂಬ ಅನುಮಾನ ಹುಟ್ಟಿ ಮೈ ಹಿಡಿಯಾಯಿತು. ಕೊನೆಗೆ ಆರು ಸಾಲು ಉಳಿದವು. ಕಳಿಸುವ ಮೊದಲು ಮಗ್ಗದ ಕುಣಿಯ ಅಂಚಿನಲ್ಲಿ ಕೂತು, "ಅಪ್ಪಾ, ಒಂದಿಷ್ಟು ನಿಲ್ಲಸು" ಎಂದಳು. ಲಾಳಿಯ ಸದ್ದು ನಿಂತಿತು. ಅವಳು ಓದಿದಳು.

"'ಹರಕು ಛತ್ರಿಯ ವೀರ' ಆಟವನ್ನು ನಾನು ನಲವತ್ತರಲ್ಲಿ ಒಂಬತ್ತು ಗಂಟೆ ಮಾತ್ರ ಆಡಿದ್ದೆ. ಪೂರ್ತಿ ಆಡಿದ್ದೇನೆ ಎಂದದ್ದು ಸುಳ್ಳು. ಒಬ್ಬ ಓದುಗರು ಕೇಳಿದಾಗ ಇನ್ನೊಮ್ಮೆ ಸುಳ್ಳು ಹೇಳಿದೆ. ಅಜ್ಜಿಯ ಬಗ್ಗೆ ನಾನು ಬರೆದದ್ದು ತಪ್ಪು. ಆಟಕ್ಕೆ ಎಲ್ಲವೂ ನೆನಪಿದೆ. ಅಂಕ ತೆಗೆದಿದ್ದೇನೆ."

ಕಂಡಿಕೆ ಸುತ್ತುತ್ತಿದ್ದ ತಿಪ್ಪವ್ವನ ಕೈಯೂ ನಿಂತಿತ್ತು. ಹನಮಂತಪ್ಪ ಲಾಳಿಯನ್ನು ಪಕ್ಕಕ್ಕಿಟ್ಟ.

"ಆ ಟೀಚರ್ ಅಕ್ಕಾರಿಗೆ ಗೊತ್ತಿತ್ತೇನು, ಇಲ್ಲಿ ಕುಂತಾಗ?"

"ಗೊತ್ತಾಗಿತ್ತು."

"ನಾ 'ಮತ್ತ' ಅಂದೆನಲ್ಲ, ಆಗ?"

"ಹೂಂ."

"ಆ ಆಟ ಮಾಡಿದಾವ್ರು... ಅವರೂ ವರ್ಷಗಟ್ಟಲೆ ಕುಂತು ಮಾಡಿರ್ತಾರ?"

"ಹೌದಪ್ಪಾ."

"ಹೆಸರು ಇಟ್ಟೀಯೇನು ಕೆಳಗ?"

"ಇಟ್ಟೀನಿ."

"ಇರಲಿ. ಬೈಯಾವ್ರಿಗೆ ಯಾರನ್ನ ಬೈಬೇಕು ಅಂತ ಗೊತ್ತಾಗಬೇಕು."

ಮಧುಮತಿ ಗುಂಡಿ ಒತ್ತಿದಳು. ಹನಮಂತಪ್ಪ ಕುಣಿಯಿಂದ ಮೇಲೆದ್ದು, ಮೈಮೇಲಿನ ನೂಲು ಕೊಡವಿಕೊಂಡು, ಗೂಟದ ಮೇಲಿದ್ದ ಅಂಗಿ ಹಾಕಿಕೊಂಡ.

"ಈಗ ಎಲ್ಲಿಗೆ?" ಎಂದಳು ತಿಪ್ಪವ್ವ.

"ಎದುರುಮನಿ ಅಂದಾನಪ್ಪನ ಕಡೆ. ನಮ್ಮ ಹುಡುಗಿ ತುದಿಮಟ ನೋಡೇ ಬರೀತಾಳ ಅಂತ ಮುಂಜಾನೆ ಅವನ ಮುಂದೂ ಹೇಳಿದ್ದೆ. ನಮ್ಮ ಓಣಿ ಮಹಾಲಿಂಗಪ್ಪನ ಮುಂದೂ ಹೇಳಿದ್ದೆ." ಅವನು ಅಂಗಿಯ ಗುಂಡಿ ಹಾಕಿಕೊಂಡ. "ನಾನೂ ಊರ ತುಂಬ ಹೇಳ್ಕೊಂಡು ತಿರುಗೀನಿ. ನಂದು ನಾ ತಿದ್ದಬೇಕಲ್ಲ."

"ಅಪ್ಪಾ, ಬ್ಯಾಡ. ನಾ ಹೋಗಿ ಹೇಳ್ತೀನಿ."

"ನೀ ಹೇಳಿದ್ದು ನೀ ತಿದ್ದೀದಿ," ಎಂದು ಅವನು ಚಪ್ಪಲಿ ಮೆಟ್ಟಿದ.

ಅವಳು ಬಾಗಿಲಿಗೆ ಬಂದು ನಿಂತಳು. ಎದುರು ಸಾಲಿನಲ್ಲಿ ಅಂದಾನಪ್ಪ ಕಟ್ಟೆಯ ಮೇಲೆ ಕೂತಿದ್ದವನು ನಗುತ್ತ ಸರಿದು ಜಾಗ ಬಿಟ್ಟ. ಅಪ್ಪ ಕೂಡಲಿಲ್ಲ. ನಿಂತುಕೊಂಡೇ, ಎರಡೂ ಕೈ ಹಿಂದೆ ಕಟ್ಟಿ, ಏನೋ ಹೇಳತೊಡಗಿದ. ಅಂದಾನಪ್ಪನ ನಗು ಮೆಲ್ಲಗೆ ಇಳಿಯಿತು. ಅವನು ತಲೆಯೆತ್ತಿ ಇವರ ಮನೆಯ ಬಾಗಿಲ ಕಡೆ ನೋಡಿದ. ಒಳಗೆ ಸರಿಯಬೇಕೆಂದು ಮಧುಮತಿಯ ಕಾಲು ಹಿಂದಕ್ಕೆ ಹೋಯಿತು. ಆದರೂ ಅವಳು ಸರಿಯಲಿಲ್ಲ; ಅಪ್ಪ ಹೇಳಿ ಮುಗಿಸುವವರೆಗೂ ಅವರ ಕಣ್ಣಿಗೆ ಕಾಣುವಂತೆ ಹೊಸ್ತಿಲ ಮೇಲೆಯೇ ನಿಂತಳು.